ಬೋರ್‌ವೆಲ್ ನೀರಿನ ಗಿಡದ ಟ್ಯಾಂಕ್: ಪಟ್ಟಿ ಪ್ರಕಾರ ಸಿಒ2 ಸರಿಯಿದೆ, ಆದರೆ ಎಲೆ ಮೇಲೆ ಸುಣ್ಣ ಕೂರುತ್ತಿದೆ

ಗಾಜಿನಕೆರೆ · ಕೋಲಾರ · ಭಾನುವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಗಿಡದ ಟ್ಯಾಂಕ್ ಇಟ್ಟು ಪಳಗಿದವರು ಸ್ವಲ್ಪ ದಾರಿ ತೋರಿಸಿ. ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ.

ನನ್ನದು ಎರಡು ಅಡಿ ಉದ್ದದ ಟ್ಯಾಂಕ್. ಮಣ್ಣು, ಕಲ್ಲು ಕಳೆದರೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ನೀರು ಮನೆಯ ಬೋರ್‌ವೆಲ್‌ದು. ಗಿಡ ಅಂದರೆ ವ್ಯಾಲಿಸ್ನೇರಿಯಾ, ಕಬೊಂಬಾ, ಎರಡು ಬುಡ ಕ್ರಿಪ್ಟೊಕೊರೈನ್. 12 ಗುಪ್ಪಿ, 6 ನಿಯಾನ್ ಟೆಟ್ರಾ ಇವೆ. ಸಿಒ2 ಕೊಡುವುದಕ್ಕೆ 2 ಲೀಟರ್ ಬಾಟಲಿಯಲ್ಲಿ ಸಕ್ಕರೆ, ಈಸ್ಟ್ ಹಾಕಿಟ್ಟಿದ್ದೇನೆ.

ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದೆ. ರಿಪೋರ್ಟ್ ಹೀಗಿದೆ: ಪಿಎಚ್ 7.6, ಟಿಡಿಎಸ್ 890, ಒಟ್ಟು ಗಡಸುತನ 430, ಒಟ್ಟು ಕ್ಷಾರೀಯತೆ 250, ಫ್ಲೋರೈಡ್ 1.8. ಪಿಎಚ್ ಬಿಟ್ಟು ಉಳಿದದ್ದೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ.

ಗಡಸುತನವನ್ನು ಡಿಗ್ರಿ ಲೆಕ್ಕಕ್ಕೆ ತರಲು 430ನ್ನು 17.9ರಿಂದ ಭಾಗಿಸಿದರೆ 24 ಬರುತ್ತದೆ. ಟ್ಯಾಂಕಿನ ಪಿಎಚ್ 7.4. ನೀರಿನಲ್ಲಿ ಸಿಒ2 ಎಷ್ಟು ಕರಗಿದೆ ಅಂತ ಹೇಳುವ ಪಿಎಚ್-ಕೆಎಚ್ ಪಟ್ಟಿ ನೋಡಿದರೆ ಸಿಒ2 29 ಪಿಪಿಎಂ (ಲೀಟರಿಗೆ 29 ಮಿಲಿಗ್ರಾಂ). ಎಲ್ಲರೂ ಹೇಳುವ 30ರ ಹತ್ತಿರವೇ ಇದೆ, ಅಲ್ವಾ? ಆದರೂ ಕಬೊಂಬಾ ತುದಿಯಿಂದ ಕರಗುತ್ತಾ ಬಂತು. ವ್ಯಾಲಿಸ್ನೇರಿಯಾ ಎಲೆ ಮೇಲೆ ಬಿಳಿ ಪೊರೆ. ಉಗುರಿನಲ್ಲಿ ಕೆರೆದರೆ ಪುಡಿ ಪುಡಿಯಾಗಿ ಬರುತ್ತದೆ. ಇದು ರೋಗವಾ? ಗೊಬ್ಬರ ಕಮ್ಮಿಯಾಗಿದೆಯಾ?

ಹೇಮೆನೀರು · ತುಮಕೂರು

ಸಿಒ2 ಸಾಲುತ್ತಿಲ್ಲ ಅಷ್ಟೇ. ಗಡಸು ನೀರು ಸಿಒ2 ನುಂಗುತ್ತದೆ. ನನ್ನ 60 ಲೀಟರ್ ಟ್ಯಾಂಕಿಗೆ ಸೆಕೆಂಡಿಗೆ 1 ಗುಳ್ಳೆ ಬಿಡುತ್ತೇನೆ, ಪಿಎಚ್ 6.7ಕ್ಕೆ ಇಳಿದು ನಿಲ್ಲುತ್ತದೆ. ಗಿಡ ವಾರಕ್ಕೊಮ್ಮೆ ಕತ್ತರಿಸಬೇಕು, ಅಷ್ಟು ಬೆಳೆಯುತ್ತದೆ. ನೀವೂ 6.7 ಬರುವವರೆಗೆ ಗುಳ್ಳೆ ಜಾಸ್ತಿ ಮಾಡುತ್ತಾ ಹೋಗಿ.

ಗುಪ್ಪಿಮನೆ · ಬಂಗಾರಪೇಟೆ

ಕಲ್ಲು ಎಲ್ಲಿಂದ ತಂದಿರಿ? ಒಂದು ಕಲ್ಲನ್ನು ಒಣಗಿಸಿ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು, ತೆಗೆದು ಹಾಕಿ.

ಗಾಜಿನಕೆರೆ

ತೋಟದ ಬದುವಿನ ಕಲ್ಲು. ಈಗಷ್ಟೇ ವಿನೆಗರ್ ಬಿಟ್ಟು ನೋಡಿದೆ, ನೊರೆ ಬರಲಿಲ್ಲ.

ಗುಪ್ಪಿಮನೆ

ಹಾಗಾದರೆ ನಮ್ಮ ಕಡೆಯ ಗ್ರಾನೈಟೇ ಇರಬೇಕು. ಅದರಿಂದ ತೊಂದರೆಯಿಲ್ಲ.

ನಂದಿತಪ್ಪಲು · ಚಿಕ್ಕಬಳ್ಳಾಪುರ

ದಯವಿಟ್ಟು ಪಿಎಚ್ 6.7 ಬರುವವರೆಗೆ ಗುಳ್ಳೆ ಜಾಸ್ತಿ ಮಾಡಬೇಡಿ. ನಿಮ್ಮ ನೀರಿನಲ್ಲಿ ಹಾಗೆ ಮಾಡಿದರೆ ಮೀನು ಉಳಿಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ.

ಮೊದಲನೆಯದಾಗಿ ನೀವು ಪಟ್ಟಿಗೆ ಹಾಕಿದ ಅಂಕಿಯೇ ಬೇರೆ. ಒಟ್ಟು ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದು ಜಿಎಚ್. ಪಟ್ಟಿ ಕೇಳುವುದು ಕೆಎಚ್, ಅಂದರೆ ಬೈಕಾರ್ಬೊನೇಟ್. ನಿಮ್ಮ ರಿಪೋರ್ಟಿನಲ್ಲಿ ಅದು "ಒಟ್ಟು ಕ್ಷಾರೀಯತೆ" ಎಂಬ ಸಾಲಿನಲ್ಲಿದೆ. 250ನ್ನು 17.9ರಿಂದ ಭಾಗಿಸಿ, 14 ಬರುತ್ತದೆ. ಲೆಕ್ಕದ ಸೂತ್ರ: 3 × ಕೆಎಚ್ × 10ರ ಘಾತ (7 − ಪಿಎಚ್). ಕೆಎಚ್ 14, ಪಿಎಚ್ 7.4 ಹಾಕಿದರೆ ಸಿಒ2 ಸುಮಾರು 17 ಪಿಪಿಎಂ. 29 ಅಲ್ಲ.

ಎರಡನೆಯದು, ತುಮಕೂರಿನವರ 6.7. ಅವರ ಕೆಎಚ್ 5ರ ಆಸುಪಾಸಿನಲ್ಲಿರಬೇಕು. ಕೆಎಚ್ 5ಕ್ಕೆ ಪಿಎಚ್ 6.7 ಅಂದರೆ 30 ಪಿಪಿಎಂ, ಸರಿಯಾಗಿದೆ. ಅದೇ 6.7ನ್ನು ಕೆಎಚ್ 14ರಲ್ಲಿ ತಂದರೆ ಸುಮಾರು 84 ಪಿಪಿಎಂ! ನಿಮ್ಮ ನೀರಿನಲ್ಲಿ 30 ಪಿಪಿಎಂ ಆಗುವುದು ಪಿಎಚ್ 7.15ರ ಹತ್ತಿರ.

ಮೂರನೆಯದು, "ಗಡಸು ನೀರು ಸಿಒ2 ನುಂಗುತ್ತದೆ" ಎಂಬ ಮಾತು ಬಹಳ ಕಡೆ ಕೇಳಿದ್ದೇನೆ. ಅದು ತಪ್ಪು. ಅಷ್ಟೇ ಗುಳ್ಳೆ, ಅದೇ ಡಿಫ್ಯೂಸರ್ (ಗ್ಯಾಸನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಭಾಗ), ಅಷ್ಟೇ ನೀರಿನ ಅಲುಗಾಟ ಇದ್ದರೆ ಗಡಸು ನೀರಿನಲ್ಲೂ ಮೆದು ನೀರಿನಲ್ಲೂ ಕರಗುವ ಸಿಒ2 ಹೆಚ್ಚುಕಡಿಮೆ ಒಂದೇ. ಪಿಎಚ್ ಎಲ್ಲಿ ಬಂದು ನಿಲ್ಲುತ್ತದೆ ಎನ್ನುವುದು ಮಾತ್ರ ಬೇರೆ.

ಈಗ ನನ್ನ ಪ್ರಶ್ನೆ: ಆ 7.4 ಅಳೆದದ್ದು ಎಷ್ಟು ಹೊತ್ತಿಗೆ? ಈಸ್ಟ್ ಬಾಟಲಿಗೆ ಎಷ್ಟು ದಿನವಾಯಿತು? ಟ್ಯಾಂಕಿಗೆ ಬೇರೆ ಏನಾದರೂ ಹಾಕಿದ್ದೀರಾ?

ಗಾಜಿನಕೆರೆ

ಅಯ್ಯೋ, ಅಷ್ಟು ದಿನ ಜಿಎಚ್ ಹಾಕಿ ಲೆಕ್ಕ ಮಾಡುತ್ತಿದ್ದೆನಲ್ಲ!

ಅಳೆದದ್ದು ಬೆಳಿಗ್ಗೆ 6 ಗಂಟೆಗೆ, ಲೈಟ್ ಹಾಕುವ ಮುಂಚೆ. ಬಾಟಲಿಗೆ 12 ದಿನವಾಗಿದೆ. ಟೆಟ್ರಾಗಳಿಗೆ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳಿದ್ದಕ್ಕೆ ಮೂರು ಕಾಡುಬಾದಾಮಿ ಎಲೆ ಹಾಕಿದ್ದೇನೆ. ಮತ್ತೇನೂ ಇಲ್ಲ ಮೇಡಂ.

ನಂದಿತಪ್ಪಲು

ನಾಳೆ ಮಧ್ಯಾಹ್ನ 2 ಗಂಟೆಗೆ ಇನ್ನೊಂದು ಸಲ ಅಳೆದು ಹೇಳಿ. ಬಾದಾಮಿ ಎಲೆಯ ಒಗರು ಕೂಡ ಪಿಎಚ್ ಸ್ವಲ್ಪ ಇಳಿಸುತ್ತದೆ. ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಇಳಿದ ಪಿಎಚ್ ಎಲ್ಲವೂ ಸಿಒ2ನಿಂದಲೇ ಅಂತ ಲೆಕ್ಕ ಹಾಕುತ್ತದೆ.

ಹೇಮೆನೀರು

ಮೇಡಂ, ಒಪ್ಪಿಕೊಂಡೆ. ನಮಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಈಗ ಕಿಟ್ ತೆಗೆದು ನೋಡಿದೆ, ಕೆಎಚ್ 5 ಇದೆ. ಸರಿಯಾಗಿಯೇ ಹೇಳಿದಿರಿ. ನನಗೆ ಕ್ಲೋರಿನ್ ಒಂದೇ ತಲೆನೋವು, ನೀರು ಹಿಡಿದಿಟ್ಟು ಮಾರನೇ ದಿನ ಹಾಕುತ್ತೇನೆ. ಕೋಲಾರದ ಅಣ್ಣ, ನನ್ನ ಮಾತು ಕೇಳಿ ಗುಳ್ಳೆ ಜಾಸ್ತಿ ಮಾಡಿಲ್ಲ ತಾನೇ?

ಗಾಜಿನಕೆರೆ

ಇಲ್ಲ ಅಣ್ಣ. ಈಸ್ಟ್ ಬಾಟಲಿಯಲ್ಲಿ ಜಾಸ್ತಿ ಕಮ್ಮಿ ಮಾಡುವುದಕ್ಕೆ ಎಲ್ಲಿ ಆಗುತ್ತದೆ!

ಹಸಿರುಹಾಸು · ತಿಪಟೂರು

ಇಷ್ಟೆಲ್ಲ ಯಾಕೆ? ಪಿಎಚ್ ಡೌನ್ ಅಂತ ಬಾಟಲಿ ಸಿಗುತ್ತದೆ. ನಾಲ್ಕು ಹನಿ ಹಾಕಿದರೆ 7.1ಕ್ಕೆ ಬಂತು.

ನಂದಿತಪ್ಪಲು

7.1ಕ್ಕೆ ಬರುತ್ತದೆ, ಆದರೆ ಗಿಡಕ್ಕೆ ಏನೂ ಸಿಗುವುದಿಲ್ಲ. ಆಮ್ಲ ಹಾಕಿದಾಗ ಬೈಕಾರ್ಬೊನೇಟ್ ಒಡೆದು ಒಂದು ಸಲ ಸಿಒ2 ಹೊರಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಗಾಳಿಗೆ ಹೋಗುತ್ತದೆ, ಪಿಎಚ್ ಮತ್ತೆ ಏರುತ್ತದೆ. ಮತ್ತೆ ಹಾಕುತ್ತೀರಿ. ಮೀನಿಗೆ ದಿನಾ ಈ ಏರಿಳಿತ. ನಮಗೆ ಬೇಕಾಗಿರುವುದು ಸಿಒ2. ಪಿಎಚ್ ಅದರ ನೆರಳು. ನೆರಳನ್ನು ಎಳೆದರೆ ಮರ ಬರುವುದಿಲ್ಲ.

ಹಸಿರುಹಾಸು

ನಾನು ಒಂದು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಗುಪ್ಪಿಮನೆ

ನಿಮ್ಮದು ಯಾವ ಮೀನು?

ಹಸಿರುಹಾಸು

ಒಂದೇ ಫೈಟರ್.

ಗುಪ್ಪಿಮನೆ

ಫೈಟರ್ ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದು ತಡೆದುಕೊಂಡಿತು ಅಂತ ಟೆಟ್ರಾ ತಡೆಯುವುದಿಲ್ಲ.

ಗಾಜಿನಕೆರೆ · ಸೋಮವಾರ ಮಧ್ಯಾಹ್ನ 2:20

ಊಟಕ್ಕೆ ಮನೆಗೆ ಬಂದಿದ್ದೆ, ಅಳೆದೆ. 7.9! ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಂದಿತಪ್ಪಲು

ಗೊತ್ತಾಯಿತು ನೋಡಿ. ಕೆಎಚ್ 14, ಪಿಎಚ್ 7.9 ಅಂದರೆ ಸಿಒ2 ಬರೀ 5 ಪಿಪಿಎಂ. ರಾತ್ರಿಯೆಲ್ಲ ಈಸ್ಟ್ ಬಾಟಲಿ ಕೊಟ್ಟಿದ್ದು ಶೇಖರವಾಗಿ ಬೆಳಿಗ್ಗೆ 17 ಇರುತ್ತದೆ. ಲೈಟ್ ಬಂದ ಮೇಲೆ ಗಿಡ ಅದನ್ನು ಬೇಗ ಮುಗಿಸುತ್ತದೆ. 12 ದಿನದ ಬಾಟಲಿಗೆ ಅಷ್ಟು ವೇಗವಾಗಿ ತುಂಬಿಕೊಡುವ ಶಕ್ತಿ ಇಲ್ಲ.

ನಿಮ್ಮ ಬಿಳಿ ಪೊರೆ ಶುರುವಾಗುವುದು ಇಲ್ಲಿಂದಲೇ. ಅದು ರೋಗ ಅಲ್ಲ, ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ವ್ಯಾಲಿಸ್ನೇರಿಯಾ ಗಟ್ಟಿ ಗಿಡ. ಸಿಒ2 ಸಿಗದಿದ್ದಾಗ ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ಒಡೆದು ಇಂಗಾಲ ತೆಗೆದುಕೊಳ್ಳುತ್ತದೆ. ಹಾಗೆ ಮಾಡುವಾಗ ಎಲೆಯ ಮೈಮೇಲೆ ಪಿಎಚ್ ಏರುತ್ತದೆ. ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಅದು ಅಲ್ಲಿಯೇ ಸುಣ್ಣವಾಗಿ ಕೂರುತ್ತದೆ. ಕೆರೆದ ಪುಡಿಯನ್ನು ಒಂದು ಚಮಚದಲ್ಲಿ ಹಾಕಿ ವಿನೆಗರ್ ಬಿಡಿ, ಸೊಂಯ್ ಅಂತ ನೊರೆ ಬರುತ್ತದೆ.

ಕಬೊಂಬಾಗೆ ಈ ವಿದ್ಯೆ ಬರುವುದಿಲ್ಲ. ಅದಕ್ಕೆ ಸಿಒ2 ಬೇಕೇ ಬೇಕು. ಅದಕ್ಕೇ ಕರಗಿತು. ಗೊಬ್ಬರ ಹಾಕಿ ಪ್ರಯೋಜನ ಇರಲಿಲ್ಲ.

ಗಾಜಿನಕೆರೆ

ಚಮಚದಲ್ಲಿ ಹಾಕಿ ನೋಡಿದೆ. ನೊರೆ ಬಂತು! ಅಡುಗೆಮನೆಯಲ್ಲಿ ಅಮ್ಮ "ಏನೋ ಅದು" ಅಂತ ಬಂದು ನೋಡಿದರು. ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಗಸಿ, ಗೀಸರ್ ಕಾಯಿಲ್ ಮೇಲೆ ಕೂರುವುದು, ಎಲ್ಲ ಇದೇ ಅಲ್ವಾ?

ನಂದಿತಪ್ಪಲು

ಅದೇ. ಅಲ್ಲಿ ಬಿಸಿ ಮಾಡಿ ಸಿಒ2 ಓಡಿಸುತ್ತೇವೆ, ಸುಣ್ಣ ತಳಕ್ಕೆ ಕೂರುತ್ತದೆ. ಇಲ್ಲಿ ಗಿಡ ಇಂಗಾಲ ಎಳೆದುಕೊಂಡು ಎಲೆ ಮೇಲೆ ಕೂರಿಸುತ್ತದೆ.

ಸಂಜೆಮಲ್ಲಿಗೆ · ಗೌರಿಬಿದನೂರು

ವಿಷಯ ಬೇರೆ ಕಡೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಗಿಡದ ಬಗ್ಗೆ ಮಾತಾಡುತ್ತಿದ್ದೀರಿ. ಆ ರಿಪೋರ್ಟಿನಲ್ಲಿ ಫ್ಲೋರೈಡ್ 1.8 ಅಂತ ಇದೆ, ಯಾರೂ ನೋಡಲಿಲ್ವಾ? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ 1.0 ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅಣ್ಣಾ, ನಿಮ್ಮ ಮನೆಯಲ್ಲಿ ಕುಡಿಯುವುದು ಈ ನೀರನ್ನೇನಾ?

ಗಾಜಿನಕೆರೆ

ನಾನು, ಮಕ್ಕಳು ಕ್ಯಾನ್ ನೀರು ಕುಡಿಯುತ್ತೇವೆ. ಅಮ್ಮನಿಗೆ ಕ್ಯಾನ್ ನೀರು ಸಪ್ಪೆ ಅನ್ನಿಸುತ್ತದೆ. ಬೋರ್ ನೀರನ್ನೇ ಕುದಿಸಿ ಆರಿಸಿ ಕುಡಿಯುತ್ತಾರೆ. ಕುದಿಸಿದರೆ ಸಾಕು ಅಂದುಕೊಂಡಿದ್ದೆ.

ಸಂಜೆಮಲ್ಲಿಗೆ

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ಆರ್‌ಒ ತೆಗೆಯುತ್ತದೆ. ನಾನು ಬಾಗೇಪಲ್ಲಿ ಕಡೆ ಅಂಗನವಾಡಿಗಳಿಗೆ ಹೋಗುತ್ತಿದ್ದೆ. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ಕಣ್ಣಾರೆ ನೋಡಿದ್ದೇನೆ. ವಯಸ್ಸಾದವರಿಗೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ. ನಿಮ್ಮ ಅಮ್ಮನಿಗೆ ಇವತ್ತೇ ಹೇಳಿ. ಕುಡಿಯುವುದಕ್ಕೆ ಮಾತ್ರ ಅಲ್ಲ, ಅನ್ನ ಸಾರಿಗೂ ಬೇರೆ ನೀರು ಹಾಕಲಿ.

ಪಾವಗಡದವ · ಪಾವಗಡ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತಾಲೂಕಿನಲ್ಲಿ ಇದೇ ಕಷ್ಟ. ನಮ್ಮ ತಂದೆಯ ಬೆನ್ನು ನೆಟ್ಟಗೆ ಮಾಡುವುದಕ್ಕೆ ಆಗುತ್ತಿರಲಿಲ್ಲ. ನೀರಿನಿಂದ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ತುಂಬ ತಡವಾಗಿತ್ತು.

ಗಾಜಿನಕೆರೆ

ಅಮ್ಮನಿಗೆ ಮಂಡಿ ನೋವು ಇದೆ. ವಯಸ್ಸಿನದು ಅಂದುಕೊಂಡಿದ್ದೆವು. ಡಾಕ್ಟರಿಗೆ ತೋರಿಸುವಾಗ ಈ ರಿಪೋರ್ಟೂ ತೆಗೆದುಕೊಂಡು ಹೋಗುತ್ತೇನೆ. ಹೇಳಿದ್ದಕ್ಕೆ ತುಂಬ ಧನ್ಯವಾದ ಅಕ್ಕ.

ಕೆರೆಯಂಗಳ · ಕೋಲಾರ

ಎಲ್ಲದಕ್ಕೂ ಮೂಲ ಆಳದ ಬೋರು. ಮೊದಲು ನಮ್ಮ ಕೆರೆ ತುಂಬುತ್ತಿದ್ದವು, ಬಾವಿಯಲ್ಲಿ ನೀರಿತ್ತು. ಈಗ ಸಾವಿರ ಅಡಿ ಕೊರೆಯುತ್ತೇವೆ, ಬಂಡೆಯೊಳಗೆ ವರ್ಷಾನುಗಟ್ಟಲೆ ನಿಂತ ನೀರನ್ನು ಎತ್ತುತ್ತೇವೆ. ಕಲ್ಲಿನಲ್ಲಿರುವುದೆಲ್ಲ ಅದರಲ್ಲಿ ಕರಗಿರುತ್ತದೆ.

ಮಾವಿನತೋಪು · ಶ್ರೀನಿವಾಸಪುರ

2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆಯಲ್ಲ, ಕೆರೆ ತುಂಬಿವೆಯಲ್ಲ.

ಕೆರೆಯಂಗಳ

ತುಂಬಿವೆ. ಸುತ್ತಮುತ್ತ ಬತ್ತಿದ್ದ ಬೋರುಗಳಲ್ಲಿ ನೀರು ಬಂದದ್ದನ್ನೂ ನೋಡಿದ್ದೇನೆ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿದ ನೀರು. ಮೂರನೇ ಹಂತವೂ ಆಗಬೇಕು ಅಂತ ನಮ್ಮ ಜನ ಕೇಳುತ್ತಲೇ ಇದ್ದಾರೆ. ಸಾರಜನಕ, ರಂಜಕ ಉಳಿದ ನೀರಿನಲ್ಲಿ ಕಳೆ ಎಷ್ಟು ಜೋರಾಗಿ ಬರುತ್ತದೆ ಅಂತ ಟ್ಯಾಂಕ್ ಇಟ್ಟವರಿಗೆ ನಾನು ಹೇಳಬೇಕಾಗಿಲ್ಲ.

ಮಾವಿನತೋಪು

ನೀರೇ ಇಲ್ಲದಿದ್ದಾಗ ಮೂರನೇ ಹಂತ ಅಂತ ಕೂತಿದ್ದರೆ ತೋಪು ಒಣಗಿಹೋಗುತ್ತಿತ್ತು. ನಾನು ರೈತ, ನನ್ನ ಕಷ್ಟ ನನಗೆ ಗೊತ್ತು.

ಕೆರೆಯಂಗಳ

ನೀರು ಬೇಡ ಅನ್ನುತ್ತಿಲ್ಲ ಅಣ್ಣ. ಇನ್ನೂ ಒಳ್ಳೆಯ ನೀರು ಕೊಡಿ ಅನ್ನುತ್ತಿದ್ದೇನೆ. ಅದು ನಿಮ್ಮ ತೋಪಿಗೂ ಒಳ್ಳೆಯದೇ.

ಗುಪ್ಪಿಮನೆ

ಇಬ್ಬರೂ ಸರಿ. ಬೇರೆ ಕಡೆ ಇದನ್ನು ಪೂರ್ತಿ ಮಾತಾಡೋಣ. ಈಗ ಟ್ಯಾಂಕಿನ ಕಡೆ ಬರೋಣ. ಪಾಪ, ಅವರ ಗಿಡ ಕಾಯುತ್ತಿವೆ.

ಹೇಮೆನೀರು

ನನ್ನ ಪ್ರಕಾರ ನೀರು ಬದಲಾಯಿಸಬೇಕು. ಆರ್‌ಒ ನೀರು ಬೆರೆಸಿ. ಒಂದು ಪಾಲು ಬೋರು, ಎರಡು ಪಾಲು ಆರ್‌ಒ ಅಂದರೆ ಕೆಎಚ್ 14 ಇದ್ದದ್ದು 5ರ ಒಳಗೆ ಬರುತ್ತದೆ, ಜಿಎಚ್ 24 ಇದ್ದದ್ದು 8ಕ್ಕೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿದರೆ 20 ಲೀಟರ್ ಸಿಗುತ್ತದೆ.

ನಂದಿತಪ್ಪಲು

ಲೆಕ್ಕ ಸರಿ. ಆದರೆ ನಾನು ಮೊದಲು ಗ್ಯಾಸ್ ಸರಿ ಮಾಡಿ ಅನ್ನುತ್ತೇನೆ, ನೀರು ಆಮೇಲೆ. ವ್ಯಾಲಿಸ್ನೇರಿಯಾಗೂ ಗುಪ್ಪಿಗೂ ಕೆಎಚ್ 14 ಏನೂ ಕಷ್ಟವಲ್ಲ. ಒಂದೇ ಸಲ ನೀರು ಮೆದು ಮಾಡಿದರೆ ಮೀನಿಗೆ ಆಘಾತ. ಮಾಡುವುದೇ ಆದರೆ ವಾರಕ್ಕೆ ಐದನೇ ಒಂದು ಭಾಗದಂತೆ ನಿಧಾನಕ್ಕೆ. ಇನ್ನೊಂದು ಮಾತು. ಮನೆಗೆ ಕೂರಿಸುವ ಸಾಫ್ಟನರ್ ನೀರು ಹಾಕಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಕೆಎಚ್ ಹಾಗೇ ಇರುತ್ತದೆ.

ಕೆರೆಯಂಗಳ

ಬರದ ಜಿಲ್ಲೆಯಲ್ಲಿ ಕೂತು ಗಾಜಿನ ತೊಟ್ಟಿಗೆ ಆರ್‌ಒ ನೀರು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಂದು ಲೀಟರ್ ತೆಗೆಯುವುದಕ್ಕೆ ಅದಕ್ಕಿಂತ ಜಾಸ್ತಿ ನೀರು ಚರಂಡಿಗೆ ಹೋಗುತ್ತದೆ. ಮಳೆ ನೀರು ಹಿಡಿಯಿರಿ. 30×40 ಸೈಟಿನ ತಾರಸಿ ಅಂದುಕೊಳ್ಳಿ. 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರ್. ಅದರಲ್ಲಿ ನಿಮ್ಮ 55 ಲೀಟರ್ ಟ್ಯಾಂಕನ್ನು ಇಪ್ಪತ್ತು ಸಲ ತುಂಬಬಹುದು. ಮೊದಲ ಮಳೆ ಬಿಟ್ಟುಬಿಡಿ, ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗಲಿ. ಆಮೇಲಿನದು ಕೆಎಚ್ ಹೆಚ್ಚುಕಡಿಮೆ ಸೊನ್ನೆ ಇರುವ ನೀರು.

ಹೇಮೆನೀರು

ಇದು ಒಳ್ಳೆ ಮಾತು. ನಾನೂ ಈ ಸಲ ಡ್ರಮ್ ಇಡುತ್ತೇನೆ.

ಗೋಲಿಸೋಡಾ · ಚಿಂತಾಮಣಿ

ನಮ್ಮದು ಸೋಡಾ ಘಟಕ. 15 ವರ್ಷದಿಂದ ಸಿಒ2 ಸಿಲಿಂಡರ್ ಜೊತೆಗೇ ಇದ್ದೇನೆ. ಮನೆಯಲ್ಲಿ 4 ಅಡಿ ಗಿಡದ ಟ್ಯಾಂಕ್ ಕೂಡ ಇದೆ. ಗ್ಯಾಸ್ ವಿಷಯ ಬಂದಿದ್ದರಿಂದ ಎರಡು ಮಾತು.

ಈಸ್ಟ್ ಬಾಟಲಿ ನಮ್ಮ ಕೈಯಲ್ಲಿ ಇರುವುದಿಲ್ಲ. ಏಪ್ರಿಲ್ ಸೆಕೆಗೆ ಕುದಿಯುತ್ತದೆ, ಡಿಸೆಂಬರ್ ಚಳಿಗೆ ಮಲಗುತ್ತದೆ. ರಾತ್ರಿ ನಿಲ್ಲಿಸುವುದಕ್ಕೂ ಆಗುವುದಿಲ್ಲ. ಕಮ್ಮಿ ಖರ್ಚಿನಲ್ಲಿ ಬೇಕು ಅಂದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅಡುಗೆ ಸೋಡಾದ ಎರಡು ಬಾಟಲಿ ಸೆಟ್ ಮಾಡಿಕೊಳ್ಳಿ. 200 ಗ್ರಾಂ ಸೋಡಾಕ್ಕೆ 150 ಗ್ರಾಂ ನಿಂಬೆ ಉಪ್ಪು ಸಾಕು. ವಾಲ್ವ್ ತಿರುಗಿಸಿ ಗುಳ್ಳೆ ಎಣಿಸಬಹುದು. ಕೂಲ್ ಡ್ರಿಂಕ್ಸ್ ಬಾಟಲಿಯೇ ಆಗಬೇಕು, ಅದು ಒತ್ತಡ ತಡೆಯುವುದಕ್ಕೇ ಮಾಡಿದ್ದು. ನೀರಿನ ಬಾಟಲಿ ಬೇಡ. ಗಾಜಿನ ಬಾಟಲಿ ಅಂತೂ ಮುಟ್ಟಲೇಬೇಡಿ, ಸಿಡಿದರೆ ಕಣ್ಣು ಹೋಗುತ್ತದೆ. ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ.

ಸಿಲಿಂಡರ್ ತೆಗೆದುಕೊಳ್ಳುವುದಾದರೆ ಪ್ರೆಶರ್ ಟೆಸ್ಟ್ ಆದ ದಿನಾಂಕ ಕತ್ತಿನ ಹತ್ತಿರ ಕೊರೆದಿರುತ್ತದೆ, ನೋಡಿ. ನೆಟ್ಟಗೆ ನಿಲ್ಲಿಸಿ ಕಟ್ಟಿಡಿ. ಮಲಗಿಸಿದರೆ ಒಳಗಿನ ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಮೀಟರ್ ಮುಳ್ಳು ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಒಳಗೆ ಒಂದು ಹನಿ ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್. ದ್ರವ ಮುಗಿದ ಮೇಲೆ ಸರಸರ ಇಳಿಯುತ್ತದೆ. ಆಗ ಕೆಲವು ಅಗ್ಗದ ರೆಗ್ಯುಲೇಟರ್‌ಗಳಲ್ಲಿ ಗುಳ್ಳೆ ಒಮ್ಮೆಲೇ ಜಾಸ್ತಿಯಾಗಿ ಟ್ಯಾಂಕಿಗೆ ನುಗ್ಗುವುದೂ ಇದೆ. ತಕ್ಕಡಿಯಲ್ಲಿ ತೂಗುವುದೊಂದೇ ದಾರಿ.

ಗುಪ್ಪಿಮನೆ

ಸೋಡಾ ಅಣ್ಣ, ಟೈಮರ್ ಬಗ್ಗೆಯೂ ಹೇಳಿ. ನನಗೆ ಆದದ್ದು ಬೇರೆಯವರಿಗೆ ಆಗಬಾರದು. ಹೋದ ವರ್ಷ ಗ್ಯಾಸಿಗೆ ಚಕ್ರ ತಿರುಗುವ ಟೈಮರ್ ಹಾಕಿದ್ದೆ, ಲೈಟಿಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್. ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಚಕ್ರದ ಟೈಮರ್ ಅಷ್ಟು ಹೊತ್ತು ನಿಂತೇ ಇತ್ತು. ಸಂಜೆ 7ಕ್ಕೆ ನಿಲ್ಲಬೇಕಾದ ಗ್ಯಾಸ್ ರಾತ್ರಿ 11ರವರೆಗೆ ಹೋಗಿದೆ. ಲೈಟ್ 8ಕ್ಕೇ ಆರಿದೆ. ಕತ್ತಲಲ್ಲಿ ಗಿಡ ಸಿಒ2 ತೆಗೆದುಕೊಳ್ಳುವುದಿಲ್ಲ, ಅದೂ ಉಸಿರಾಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ 11 ಮೀನು ಹೋಗಿದ್ದವು. ಉಳಿದವು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ನನ್ನ ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಗೋಲಿಸೋಡಾ

ಅಯ್ಯೋ ಪಾಪ. ಲೈಟಿಗೂ ಗ್ಯಾಸಿಗೂ ಬ್ಯಾಟರಿ ಇರುವ ಟೈಮರೇ ಹಾಕಬೇಕು. ನಾನು ಲೈಟ್ ಬರುವ 2 ಗಂಟೆ ಮುಂಚೆ ಗ್ಯಾಸ್ ಶುರು ಮಾಡಿ, ಲೈಟ್ ಆರುವ 1 ಗಂಟೆ ಮುಂಚೆ ನಿಲ್ಲಿಸುತ್ತೇನೆ.

ಹಸಿರುಹಾಸು

ಏರ್ ಪಂಪ್ ಹಾಕಿದರೆ ಆಕ್ಸಿಜನ್ ಜಾಸ್ತಿಯಾಗುತ್ತದಲ್ಲ? ಎಷ್ಟು ಸಿಒ2 ಬಿಟ್ಟರೂ ಮೀನು ಬದುಕಬೇಕಲ್ಲ?

ನಂದಿತಪ್ಪಲು

ಇದು ಒಳ್ಳೆಯ ಪ್ರಶ್ನೆ. ನೀರಿನಲ್ಲಿ ಆಕ್ಸಿಜನ್, ಸಿಒ2 ಒಂದನ್ನೊಂದು ತಳ್ಳುವುದಿಲ್ಲ, ಎರಡೂ ಒಟ್ಟಿಗೇ ಜಾಸ್ತಿ ಇರಬಹುದು. ಆದರೆ ನೀರಿನಲ್ಲಿ ಸಿಒ2 ತುಂಬ ಜಾಸ್ತಿಯಾದರೆ ಮೀನಿನ ರಕ್ತದಿಂದ ಸಿಒ2 ಹೊರಗೆ ಹೋಗುವುದಿಲ್ಲ. ರಕ್ತ ಆಮ್ಲವಾಗುತ್ತದೆ, ಆಕ್ಸಿಜನ್ ಹಿಡಿದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಸುತ್ತ ಆಕ್ಸಿಜನ್ ಇದ್ದೂ ಮೀನಿಗೆ ಉಸಿರು ಕಟ್ಟುತ್ತದೆ. ರಾತ್ರಿ ಏರ್ ಪಂಪ್ ಹಾಕುವುದು ಒಳ್ಳೆಯದೇ. ಅದು ಮೇಲ್ಮೈ ಅಲುಗಿಸಿ ಉಳಿದ ಸಿಒ2 ಓಡಿಸುತ್ತದೆ.

ಹಸಿರುಹಾಸು

ಗೊತ್ತಿರಲಿಲ್ಲ ಮೇಡಂ. ಪಿಎಚ್ ಡೌನ್ ಕೂಡ ಇವತ್ತಿಂದ ನಿಲ್ಲಿಸುತ್ತೇನೆ.

ಗಾಜಿನಕೆರೆ

ಇನ್ನೊಂದು ಅನುಮಾನ. ಬೋರ್ ಹಾಕಿದ ತಕ್ಷಣ ನಲ್ಲಿ ನೀರು ಅಳೆದರೆ ಪಿಎಚ್ 7.0 ತೋರಿಸುತ್ತದೆ. ಅದೇ ನೀರು ಲೋಟದಲ್ಲಿ ಒಂದು ರಾತ್ರಿ ಇಟ್ಟರೆ 8.2. ಲ್ಯಾಬ್ ರಿಪೋರ್ಟಲ್ಲಿ 7.6. ಯಾವುದು ಸರಿ?

ನಂದಿತಪ್ಪಲು

ಮೂರೂ ಸರಿ. ನೆಲದೊಳಗೆ ನೀರಿಗೆ ಸಿಒ2 ತುಂಬ ಸೇರಿರುತ್ತದೆ. ಮೇಲೆ ಬಂದು ಗಾಳಿಗೆ ಒಡ್ಡಿಕೊಂಡ ಮೇಲೆ ನಿಧಾನಕ್ಕೆ ಹೊರಟುಹೋಗುತ್ತದೆ, ಪಿಎಚ್ ಏರುತ್ತದೆ. ಲ್ಯಾಬಿಗೆ ಹೋಗುವಷ್ಟರಲ್ಲಿ ಮುಕ್ಕಾಲು ಭಾಗ ಹೋಗಿತ್ತು, ಅಷ್ಟೇ. ಅದಕ್ಕೇ ಬೋರಿನಿಂದ ನೇರವಾಗಿ ಟ್ಯಾಂಕಿಗೆ ಪೈಪ್ ಬಿಡಬೇಡಿ. ಆ ನೀರಿನಲ್ಲಿ ಸಿಒ2 ಜಾಸ್ತಿ, ಆಕ್ಸಿಜನ್ ಕಮ್ಮಿ. ಬಕೆಟ್‌ನಲ್ಲಿ ಒಂದು ದಿನ ಇಟ್ಟು ಹಾಕಿ.

ಲೋಟದ 8.2 ನಿಮ್ಮ ಅಳತೆಗೋಲು. ಗ್ಯಾಸ್ ಬಿಟ್ಟಾಗ ಟ್ಯಾಂಕಿನ ಪಿಎಚ್ ಅದಕ್ಕಿಂತ ಸುಮಾರು 1 ಕೆಳಗೆ, ಅಂದರೆ 7.1, 7.2ರ ಹತ್ತಿರ ನಿಲ್ಲಲಿ. ಪಿಎಚ್ 1 ಇಳಿದರೆ ಸಿಒ2 ಹತ್ತು ಪಟ್ಟು ಆಗಿದೆ ಅಂತ ಅರ್ಥ. ಬಣ್ಣ ನೋಡುವ ಕಿಟ್‌ನಲ್ಲಿ 0.2 ಹೆಚ್ಚುಕಡಿಮೆ ಆಗುವುದು ಮಾಮೂಲು. ಅಷ್ಟು ತಪ್ಪಿಗೇ 17 ಇದ್ದದ್ದು 26 ಅಥವಾ 10 ಅನ್ನಿಸಬಹುದು. ಅದಕ್ಕೆ ಡ್ರಾಪ್ ಚೆಕರ್ ಕೂಡ ಇಡಿ, ಅಂದರೆ ಟ್ಯಾಂಕಿನೊಳಗೆ ಅಂಟಿಸಿದರೆ ಬಣ್ಣದಲ್ಲಿ ಸಿಒ2 ತೋರಿಸುವ ಪುಟ್ಟ ಬುರುಡೆ.

ಗಾಜಿನಕೆರೆ

ಡ್ರಾಪ್ ಚೆಕರ್ ಇತ್ತು ಮೇಡಂ. ಟ್ಯಾಂಕ್ ನೀರು ತುಂಬಿ ಬಣ್ಣದ ಹನಿ ಹಾಕಿದ್ದೆ. ಯಾವಾಗಲೂ ನೀಲಿ ಇರುತ್ತಿತ್ತು. ಕೆಟ್ಟಿದೆ ಅಂತ ತೆಗೆದಿಟ್ಟೆ.

ನಂದಿತಪ್ಪಲು

ಕೆಟ್ಟಿಲ್ಲ. ಒಳಗೆ ಟ್ಯಾಂಕ್ ನೀರು ತುಂಬಬಾರದು. ಕೆಎಚ್ 4 ಇರುವ ಶುದ್ಧ ದ್ರಾವಣ ತುಂಬಬೇಕು. ಆಗ ಹಸಿರು ಬಣ್ಣ ಅಂದರೆ ಸುಮಾರು 30 ಪಿಪಿಎಂ, ನೀಲಿ ಅಂದರೆ ಕಮ್ಮಿ, ಹಳದಿ ಅಂದರೆ ಅಪಾಯ. ಬಾದಾಮಿ ಎಲೆ ಅದನ್ನು ಮೋಸ ಮಾಡುವುದಕ್ಕೆ ಆಗುವುದಿಲ್ಲ, ಯಾಕೆಂದರೆ ಮಧ್ಯದ ಗಾಳಿ ದಾಟಿ ಬರುವುದು ಸಿಒ2 ಮಾತ್ರ.

ದ್ರಾವಣ ಮನೆಯಲ್ಲೇ ಮಾಡಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 2 ಲೀಟರ್ ತನ್ನಿ. 1 ಲೀಟರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ. ಅದು ಕೆಎಚ್ 40. ಅದರಿಂದ 100 ಮಿಲಿಲೀಟರ್ ತೆಗೆದು, ಉಳಿದ ಡಿಸ್ಟಿಲ್ಡ್ ವಾಟರ್ 900 ಮಿಲಿಲೀಟರಿಗೆ ಸೇರಿಸಿ. ಕೆಎಚ್ 4 ಸಿದ್ಧ. 1.2 ಗ್ರಾಂ ತೂಗುವುದಕ್ಕೆ ಅಡುಗೆಮನೆ ತಕ್ಕಡಿ ನಂಬಬೇಡಿ. ಪರಿಚಯದ ಚಿನ್ನದಂಗಡಿಯಲ್ಲಿ ಕೇಳಿ, ಒಂದು ನಿಮಿಷದ ಕೆಲಸ. ಬಣ್ಣ ಬದಲಾಗುವುದಕ್ಕೆ ಒಂದೆರಡು ಗಂಟೆ ಬೇಕು, ಅದನ್ನು ನೆನಪಿಡಿ.

ಗಾಜಿನಕೆರೆ · 19 ದಿನಗಳ ನಂತರ

ಎಲ್ಲರಿಗೂ ಹೇಳಬೇಕು ಅಂತ ಬಂದೆ. ನಿಂಬೆ ಉಪ್ಪಿನ ಎರಡು ಬಾಟಲಿ ಸೆಟ್ ಮಾಡಿದೆ. ಸೆಕೆಂಡಿಗೆ 1 ಗುಳ್ಳೆ. ಬಾದಾಮಿ ಎಲೆ ತೆಗೆದೆ. ಅಡುಗೆ ಸೋಡಾ ಚಿನ್ನದಂಗಡಿಯಲ್ಲಿ ತೂಗಿಸಿದೆ. ಅಂಗಡಿಯವರು ಯಾಕೆ ಅಂತ ಕೇಳಿ, ಆಮೇಲೆ ಮೀನಿನ ಫೋಟೊ ನೋಡಿ ಹತ್ತು ನಿಮಿಷ ಮಾತಾಡಿದರು. ಈಗ ಮಧ್ಯಾಹ್ನ 2 ಗಂಟೆಗೆ ಪಿಎಚ್ 7.2. ಡ್ರಾಪ್ ಚೆಕರ್ ಹಸಿರು. ರಾತ್ರಿ ವಾಲ್ವ್ ಮುಚ್ಚುತ್ತೇನೆ.

ವ್ಯಾಲಿಸ್ನೇರಿಯಾ ಮಧ್ಯದಿಂದ ನಾಲ್ಕು ಹೊಸ ಎಲೆ ಬಂದಿವೆ. ಬೆರಳಿನ ಮಧ್ಯೆ ಹಿಡಿದು ಮೇಲಿನವರೆಗೂ ಸವರಿ ನೋಡಿದೆ. ಹಳೆ ಎಲೆ ಉಪ್ಪುಕಾಗದದ ತರಹ ಒರಟು. ಹೊಸದು ನುಣ್ಣಗೆ ಜಾರುತ್ತದೆ. ಸಂಜೆ 5ರ ಹೊತ್ತಿಗೆ ಎಲೆ ಅಂಚಿನಿಂದ ಸಣ್ಣ ಗುಳ್ಳೆ ಸಾಲಾಗಿ ಮೇಲೆ ಹೋಗುತ್ತವೆ. ಅಮ್ಮ ಅದನ್ನು ನೋಡುವುದಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಗೌರಿಬಿದನೂರಿನ ಅಕ್ಕನಿಗೆ: ಅಮ್ಮ ಈಗ ಕ್ಯಾನ್ ನೀರೇ ಕುಡಿಯುತ್ತಿದ್ದಾರೆ. ಸಪ್ಪೆ ಅನ್ನುತ್ತಾರೆ ಅಂತ ಬಿಂದಿಗೆಗೆ ಒಂದು ಎಸಳು ತುಳಸಿ ಹಾಕಿಕೊಡುತ್ತಿದ್ದೇನೆ. ಅಡುಗೆಗೂ ಅದೇ ನೀರು. ಡಾಕ್ಟರ್ ರಿಪೋರ್ಟ್ ನೋಡಿ ಎಕ್ಸ್‌ರೇ ಬರೆದುಕೊಟ್ಟಿದ್ದಾರೆ, ಮುಂದಿನ ವಾರ ಹೋಗಬೇಕು.

ಸಂಜೆಮಲ್ಲಿಗೆ

ಓದಿ ತುಂಬ ಸಮಾಧಾನವಾಯಿತು. ಎಕ್ಸ್‌ರೇ ಆದ ಮೇಲೆ ಮರೆಯದೆ ತಿಳಿಸಿ. ಅಕ್ಕಪಕ್ಕದ ಮನೆಯವರದೂ ಅದೇ ಆಳದ ಬೋರಾ?

ಗಾಜಿನಕೆರೆ

ಹೌದು ಅಕ್ಕ. ಎದುರು ಮನೆಯಲ್ಲಿ ಎರಡು ವರ್ಷದ ಮಗು ಇದೆ. ನಿನ್ನೆ ಅವರ ನೀರೂ ಬಾಟಲಿಗೆ ತುಂಬಿಸಿಕೊಂಡಿದ್ದೇನೆ. ನಾಳೆ ಲ್ಯಾಬಿಗೆ ಕೊಡುತ್ತೇನೆ.

ಕೆರೆಯಂಗಳ

ಬಾಟಲಿ ಪ್ಲಾಸ್ಟಿಕ್‌ದೇ ತಾನೇ? ಫ್ಲೋರೈಡ್ ನೋಡುವುದಕ್ಕೆ ಗಾಜಿನದು ಬೇಡ ಅಂತ ನಮಗೆ ಲ್ಯಾಬಿನವರು ಹೇಳಿದ್ದರು.

ಗಾಜಿನಕೆರೆ

ಪ್ಲಾಸ್ಟಿಕ್‌ದೇ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿದ್ದೇನೆ.